ಕೀಲಿಮಣೆಯೊಳಗಿನ ವ್ಯಾಕರಣ: ಸವಡಿಯ ಮಾತು ಮತ್ತು ಕನ್ನಡ ಬೆರಳಚ್ಚಿನ ವಿನ್ಯಾಸಗಳು

ಕನ್ನಡ ತಂತ್ರಾಂಶಗಳ ಕುರಿತು ಬಂದಿರುವ ಬರಹಗಳಲ್ಲಿ ಬಹುಪಾಲು ವೇಗ, ಸೌಲಭ್ಯ, ಬೆಲೆ, ಅಕ್ಷರವಿನ್ಯಾಸದ ಚೆಲುವು ಎಂಬ ನಾಲ್ಕು ಮಾತುಗಳಲ್ಲಿ ಮುಗಿಯುತ್ತವೆ. ಭಾಷಾವಿಜ್ಞಾನಿಗಳಾದ ನಾವು ಕೀಲಿಮಣೆಯನ್ನು ಲೇಖನಿಯಂತೆ ಕಂಡು, ಅದು ನಮ್ಮ ಶಾಸ್ತ್ರದ ಹೊರಗಿನ ಉಪಕರಣವೆಂದು ಸುಮ್ಮನಿದ್ದೇವೆ. ಪ್ರಸ್ತುತ ಟಿಪ್ಪಣಿಯ ನಿಲುವು ಬೇರೆ. ಪ್ರತಿಯೊಂದು ಕೀಲಿ ವಿನ್ಯಾಸವೂ ಕನ್ನಡದ ಅಕ್ಷರವೆಂದರೇನು ಎಂಬ ಪ್ರಶ್ನೆಗೆ ಕೊಟ್ಟ ಒಂದು ಉತ್ತರ. ಆ ಉತ್ತರವು ಬರೆಯುವವನ ಕಾಗುಣಿತದ ಮೇಲೆ, ತರುವಾಯ ಆ ಕಾಗುಣಿತವನ್ನೇ ಸಾಕ್ಷ್ಯವಾಗಿ ಬಳಸುವ ಸಂಶೋಧಕನ ತೀರ್ಮಾನದ ಮೇಲೆ ಒತ್ತಡ ಹಾಕುತ್ತದೆ. ಉದಾಹರಣೆಗಳನ್ನು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಸವಡಿ ಹಾಗೂ ಅದರ ಸುತ್ತಲಿನ ಮಾತಿನಿಂದ ಆಯ್ದುಕೊಂಡಿದ್ದೇನೆ. ಅದು ನನಗೆ ಪರಿಚಿತವಾದ ಮಾತು ಎಂಬುದು ಒಂದು ಕಾರಣ. ಆ ಊರಿನ ಹೆಸರೇ ಈ ಚರ್ಚೆಗೆ ಒಳ್ಳೆಯ ಪ್ರವೇಶ ಒದಗಿಸುತ್ತದೆ ಎಂಬುದು ಇನ್ನೊಂದು.

ಸವಡಿ ಎಂಬ ಹೆಸರನ್ನು ಕೆ. ಪಿ. ರಾವ್ ವಿನ್ಯಾಸದಲ್ಲಿ ಬರೆಯಲು ಎಸ್, ವಿ, ಡಬ್ಲ್ಯು, ಐ ಎಂಬ ನಾಲ್ಕು ಕೀಲಿಗಳು ಸಾಕು. 'ಬರಹ' ತಂತ್ರಾಂಶದ ಲಿಪ್ಯಂತರಣ ಪದ್ಧತಿಯಲ್ಲಿ ಸ, ವ ಎರಡಕ್ಕೂ ಹಿಂದೆಯೇ ಅಕಾರವನ್ನು ಒತ್ತಬೇಕು. ಒಟ್ಟು ಆರು ಕೀಲಿಗಳು, ಡಕಾರಕ್ಕಾಗಿ ಶಿಫ್ಟ್ ಬೇರೆ. ಮೊಬೈಲಿನಲ್ಲಿ ರೋಮನ್ ಅಕ್ಷರಗಳನ್ನು ಒತ್ತಿ ಕನ್ನಡ ಪಡೆಯುವ ಒಂದು ಆಪ್‌ನಲ್ಲಿ ಅದೇ ಆರು ಅಕ್ಷರಗಳನ್ನು ಒತ್ತಿದಾಗ ನನಗೆ ಮೊದಲು ಬಂದದ್ದು 'ಸವದಿ'. ಅದು ತಪ್ಪು ಕನ್ನಡವಲ್ಲ, ಬೆಳಗಾವಿಯ ಕಡೆ ಕೇಳಿಬರುವ ಮನೆತನದ ಹೆಸರು. ಆದರೆ ನಮ್ಮ ಊರಲ್ಲ. ಒಂದೇ ಹೆಸರಿಗೆ ಮೂರು ವ್ಯವಹಾರಗಳು: ಮೊದಲನೆಯದು ಅಕ್ಷರವನ್ನು ಇಡಿಯಾಗಿ ಪಡೆಯುತ್ತದೆ, ಎರಡನೆಯದು ಧ್ವನಿಮಾಗಳನ್ನು ಒಂದೊಂದಾಗಿ ಕೇಳುತ್ತದೆ, ಮೂರನೆಯದು ಊಹಿಸುತ್ತದೆ.

ಇವುಗಳಲ್ಲಿ ಅತ್ಯಂತ ಜಾಣ ವಿನ್ಯಾಸ ಯಾವುದೆಂದು ಕೇಳಿದರೆ ಕೆ. ಪಿ. ರಾವ್ ಅವರದು ಎನ್ನಲು ನನಗೆ ಹಿಂಜರಿಕೆಯಿಲ್ಲ. ಕಿನ್ನಿಕಂಬಳದ ಪದ್ಮನಾಭ ರಾವ್ ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ 'ಸೇಡಿಯಾಪು' ಎಂದು ಹೆಸರಿಟ್ಟರು ಎಂಬುದನ್ನು ಇಲ್ಲಿ ನೆನೆಯಬೇಕು. ಛಂದಸ್ಸು, ನಿಷ್ಪತ್ತಿ, ಅಕ್ಷರಸ್ವರೂಪಗಳ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಚಿಂತಿಸಿದ ಸೇಡಿಯಾಪು ಕೃಷ್ಣಭಟ್ಟರ ಹೆಸರು ಗಣಕದ ಮೇಲೆ ಬಂದದ್ದು ಕೇವಲ ಗೌರವಸೂಚಕವೆಂದು ನನಗೆ ತೋರುವುದಿಲ್ಲ. ಈ ವಿನ್ಯಾಸದಲ್ಲಿ ವ್ಯಂಜನದ ಕೀಲಿ ಒತ್ತಿದರೆ ಅಕಾರಸಹಿತ ವ್ಯಂಜನ ಬರುತ್ತದೆ. ಸ್ವರದ ಕೀಲಿ ಪದಾದಿಯಲ್ಲಿ ಪೂರ್ಣಸ್ವರವನ್ನೂ ವ್ಯಂಜನದ ಮುಂದೆ ಗುಣಿತಚಿಹ್ನೆಯನ್ನೂ ತಾನಾಗಿಯೇ ಕೊಡುತ್ತದೆ. ಅಲ್ಪಪ್ರಾಣದ ಕೀಲಿಗೇ ಶಿಫ್ಟ್ ಸೇರಿಸಿದರೆ ಮಹಾಪ್ರಾಣ. ಒತ್ತಕ್ಷರಕ್ಕೆ, ಪದಾಂತ್ಯದ ಅರೆವ್ಯಂಜನಕ್ಕೆ ಎರಡಕ್ಕೂ ಎಫ್ ಎಂಬ ಒಂದೇ ಕೊಂಡಿ ಕೀಲಿ. ಕನ್ನಡದಲ್ಲಿ ಆ ರೋಮನ್ ಅಕ್ಷರಕ್ಕೆ ಬೇರೆ ಕೆಲಸವಿಲ್ಲದಿರುವುದನ್ನೂ, ಎಡಗೈ ತೋರುಬೆರಳು ಸಹಜವಾಗಿ ತಂಗುವ ಸ್ಥಾನ ಅದೆಂಬುದನ್ನೂ ಒಟ್ಟಿಗೆ ಗಮನಿಸಿದರೆ ಆಯ್ಕೆಯ ಬೆಲೆ ತಿಳಿಯುತ್ತದೆ. ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಮೂಲಕ ರಾಜ್ಯ ಸರ್ಕಾರದ ಕಚೇರಿಗಳಲ್ಲಿ ನೆಲೆಯೂರಿದ್ದು ಈ ವಿನ್ಯಾಸವೇ. ಫೋನುಗಳಲ್ಲಿ 'ಜಸ್ಟ್ ಕನ್ನಡ'ದಂತಹ ಆಪ್‌ಗಳು ಇದನ್ನು ಉಳಿಸಿಕೊಂಡಿವೆ.

ಕೇಂದ್ರ ಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಪ್ರಮಾಣೀಕರಿಸಿದ ಇನ್‌ಸ್ಕ್ರಿಪ್ಟ್ ಕೂಡ ಅಕ್ಷರದ ಬಗ್ಗೆ ಇದೇ ಸಿದ್ಧಾಂತವನ್ನು ನಂಬುತ್ತದೆ. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ ಎಂಬ ಹಂಚಿಕೆ ಅದರ ವಿಶೇಷ; ಅದರಲ್ಲಿಯೂ ಸವಡಿಗೆ ನಾಲ್ಕೇ ಕೀಲಿ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡವನ್ನು ಒಳಗೊಂಡ ಯೂನಿಕೋಡ್ ಕೂಡ ಐಸ್ಕಿಯ ದಾರಿಯಲ್ಲಿ ಅಕಾರಸಹಿತ ವ್ಯಂಜನವನ್ನೇ ಮೂಲಘಟಕವೆಂದು ಎಣಿಸಿತು. ಆದ್ದರಿಂದ 'ಕನ್ನಡ' ಎಂಬ ಪದ ಯೂನಿಕೋಡಿನಲ್ಲಿ ಐದು ಸಂಕೇತ, ಕೆ. ಪಿ. ರಾವ್ ವಿನ್ಯಾಸದಲ್ಲಿ ಐದು ಕೀಲಿ, ಶಾಲೆಯ ಹುಡುಗ ಬಿಡಿಸಿ ಹೇಳುವಾಗಲೂ ಕ, ನ, ನಕ್ಕೆ ನ ಒತ್ತು, ಡ. ಸಂಗ್ರಹ, ಬೆರಳು, ಸಾಕ್ಷರತೆ ಮೂರೂ ಒಂದೇ ಗೆರೆಯಲ್ಲಿ ನಿಲ್ಲುವುದು ಲಿಪಿಗಳ ಇತಿಹಾಸದಲ್ಲಿ ಅಪರೂಪ.

ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ 'ಬರಹ'ದ ಸಿದ್ಧಾಂತ ಇದಕ್ಕೆ ವಿರುದ್ಧವಾದುದು. ಅಲ್ಲಿ ವ್ಯಂಜನವೆಂದರೆ ಬರಿಯ ವ್ಯಂಜನ. ಅಕಾರಕ್ಕೆ ಬೇರೆ ಸ್ವರಗಳಿಗಿಂತ ಯಾವ ವಿಶೇಷ ಹಕ್ಕೂ ಇಲ್ಲ. ರೋಮನ್ ಅಕ್ಷರಗಳನ್ನು ನೆಚ್ಚಿದ್ದಕ್ಕಾಗಿ ಅದನ್ನು ಕನ್ನಡತನವಿಲ್ಲದ ಪದ್ಧತಿಯೆಂದು ಹಳಿದವರುಂಟು. ಈ ಟೀಕೆ ಮೇಲುಮೇಲಿನದು. ಧ್ವನಿಮಾ ವಿಶ್ಲೇಷಣೆಯ ದೃಷ್ಟಿಯಿಂದ ನೋಡಿದರೆ ಇವೆರಡರಲ್ಲಿ ಉಚ್ಚಾರಣೆಗೆ ಹತ್ತಿರವಾದದ್ದು 'ಬರಹ'ವೇ. ಕೇಶಿರಾಜನಿಂದ ಹಿಡಿದು ನಮ್ಮ ವೈಯಾಕರಣರೆಲ್ಲರೂ ಸ್ವರವ್ಯಂಜನಗಳನ್ನು ಬೇರ್ಪಡಿಸಿಯೇ ಹೇಳಿದ್ದಾರೆ. ಲಿಪಿ ಮಾತ್ರ ಅವನ್ನು ಹೆಣೆದಿದೆ.

ಎರಡು ಪದ್ಧತಿಗಳ ನಡುವಣ ಕೀಲಿಗಳ ವ್ಯತ್ಯಾಸವನ್ನು ಒಂದು ಸರಳ ಸೂತ್ರದಲ್ಲಿ ಹೇಳಬಹುದು. ಶಿಫ್ಟನ್ನು ಬದಿಗಿಟ್ಟು, ಐ ಔ ಋ ಮೊದಲಾದ ಜೋಡಿ ಕೀಲಿಯ ಅಕ್ಷರಗಳನ್ನು ಬಿಟ್ಟರೆ, 'ಬರಹ'ಕ್ಕೆ ಬೇಕಾಗುವ ಹೆಚ್ಚುವರಿ ಕೀಲಿಗಳ ಸಂಖ್ಯೆ ಎಂದರೆ ಪದದಲ್ಲಿ ವ್ಯಂಜನಕ್ಕೆ ಅಂಟಿದ ಅಕಾರಗಳ ಸಂಖ್ಯೆಯಿಂದ ಹಲಂತಗಳ ಸಂಖ್ಯೆಯನ್ನು ಕಳೆದಾಗ ಉಳಿಯುವುದು. ಗದಗ: ಅಕಾರ ಮೂರು, ಹಲಂತವಿಲ್ಲ, ಮೂರು ಕೀಲಿಗೆ ಪ್ರತಿಯಾಗಿ ಆರು. ನರಗುಂದ: ಆರಕ್ಕೆ ಒಂಬತ್ತು. ಗಜೇಂದ್ರಗಡದಲ್ಲಿ ಅಕಾರ ನಾಲ್ಕು, ಹಲಂತ ಒಂದು, ಒಂಬತ್ತಕ್ಕೆ ಹನ್ನೆರಡು. ನಮ್ಮ ಸೀಮೆಯ ಊರ ಹೆಸರುಗಳೆಲ್ಲ ಕೆ. ಪಿ. ರಾವ್ ಅವರ ವಿನ್ಯಾಸಕ್ಕೆಂದೇ ಇಟ್ಟಂತಿವೆ.

ಆದರೆ ಊರ ಹೆಸರುಗಳನ್ನು ದಾಟಿ ಊರ ಮಾತಿಗೆ ಬಂದೊಡನೆ ಲೆಕ್ಕ ತಿರುಗುತ್ತದೆ. 'ಮಾಡ್ತೀನ್ರಿ' ಎಂಬ ಕ್ರಿಯಾರೂಪವನ್ನು ನೋಡೋಣ. ಅದರಲ್ಲಿ ಅಕಾರ ಒಂದೂ ಇಲ್ಲ, ಹಲಂತ ಎರಡು. ಕೆ. ಪಿ. ರಾವ್ ವಿನ್ಯಾಸದಲ್ಲಿ ಹತ್ತು ಕೀಲಿ, 'ಬರಹ'ದಲ್ಲಿ ಎಂಟು. 'ಹೋಗ್ತೀನ್ರಿ' ಎಂಬುದಕ್ಕೂ ಇದೇ ಲೆಕ್ಕ. 'ಬೇಡ' ಎಂಬ ಶಿಷ್ಟರೂಪಕ್ಕೆ ಮೂರಕ್ಕೆ ನಾಲ್ಕು. 'ಬ್ಯಾಡ' ಎಂದೊಡನೆ ಎರಡರಲ್ಲೂ ಐದು. 'ಮ್ಯಾಲ', 'ಮಾಡಾಕತ್ತೀನಿ' ಇವುಗಳಲ್ಲಿಯೂ ಸರಿಸಮ. ಕೀಲಿ ಒಂದೆರಡು ಹೆಚ್ಚಾದುದರಿಂದ ಯಾರ ಬೆರಳೂ ಸವೆಯುವುದಿಲ್ಲ. ಗಮನಿಸಬೇಕಾದದ್ದು ಲೆಕ್ಕದ ಹಿಂದಿನ ಸಂಗತಿ: ಆಡುಮಾತಿನಲ್ಲಿ ಸ್ವರಲೋಪವೆಂದರೆ ಒಂದು ಘಟಕ ಕಡಮೆಯಾಗುವುದು, ಅಕ್ಷರಸಿದ್ಧಾಂತವನ್ನು ನಂಬಿದ ಕೀಲಿಮಣೆಯಲ್ಲಿ ಅದೇ ಲೋಪವು ಒಂದು ಹೆಚ್ಚುವರಿ ಕ್ರಿಯೆ. ಅಲ್ಲಿ ಸ್ವರ ಇಲ್ಲವೆಂಬುದನ್ನು ಒತ್ತಿ ಹೇಳಬೇಕು. 'ಬರಹ'ದಲ್ಲಿ ಸ್ವರ ಇದೆಯೆಂಬುದನ್ನು ಒತ್ತಿ ಹೇಳಬೇಕು. ಮೊದಲನೆಯದು ಸ್ವರಾಂತವಾದ ಗ್ರಾಂಥಿಕ ಕನ್ನಡವನ್ನು ಸಹಜವೆಂದು ಭಾವಿಸಿ ಕಟ್ಟಿದ ಮನೆ. ಸವಡಿಯವನು ಅದರಲ್ಲಿ ವಾಸಿಸಬಲ್ಲ, ಆದರೆ ಪ್ರತಿ ಬಾಗಿಲಲ್ಲಿಯೂ ತಲೆ ಬಾಗಿಸಬೇಕು.

ಇಲ್ಲಿಗೆ ನಿಂತಿದ್ದರೆ ಇದು ಕುತೂಹಲದ ವಿಷಯವಷ್ಟೇ ಆಗಿರುತ್ತಿತ್ತು. ಆದರೆ ಉತ್ತರ ಕರ್ನಾಟಕದ ಆಡುಮಾತನ್ನು ಬರೆಯುವಲ್ಲಿ 'ಮಾಡ್ತೀನ್ರಿ', 'ಮಾಡತೀನ್ರಿ' ಎಂಬ ಎರಡು ಕಾಗುಣಿತಗಳು ಗಣಕ ಬರುವ ಮೊದಲಿನಿಂದಲೂ ಇವೆ. ಧಾರವಾಡ ಭಾಗದ ಮುದ್ರಿತ ಕಥೆ, ನಾಟಕಗಳಲ್ಲಿ ಎರಡೂ ಕಾಣುತ್ತವೆ. ಇವುಗಳ ನಡುವಣ ಆಯ್ಕೆ ಉಚ್ಚಾರಣೆಯ ಭೇದವನ್ನು ಸೂಚಿಸುತ್ತದೆಯೇ, ಮಧ್ಯದಲ್ಲಿ ಅತಿಹ್ರಸ್ವವಾದ ಸ್ವರವೊಂದು ಉಳಿದಿದೆಯೇ, ಇಲ್ಲವೇ ಅದು ಬರಿಯ ಬರವಣಿಗೆಯ ರೂಢಿಯೇ ಎಂಬುದು ನಿಜವಾದ ಸಂಶೋಧನಾ ಪ್ರಶ್ನೆ. ಈಗ ಕೀಲಿಗಳನ್ನು ಎಣಿಸಿ. ಕೆ. ಪಿ. ರಾವ್ ವಿನ್ಯಾಸದಲ್ಲಿ 'ಮಾಡತೀನ್ರಿ'ಗೆ ಒಂಬತ್ತು, 'ಮಾಡ್ತೀನ್ರಿ'ಗೆ ಹತ್ತು. 'ಬರಹ'ದಲ್ಲಿ 'ಮಾಡತೀನ್ರಿ'ಗೆ ಒಂಬತ್ತು, 'ಮಾಡ್ತೀನ್ರಿ'ಗೆ ಎಂಟು. ಒಂದು ವಿನ್ಯಾಸ ಬರೆಯುವವನನ್ನು ಅಕಾರದ ಕಡೆಗೂ ಇನ್ನೊಂದು ಹಲಂತದ ಕಡೆಗೂ ಜಗ್ಗುತ್ತವೆ. ಕೀಲಿಯೊಂದನ್ನು ಮರೆತಾಗ ಆಗುವ ತಪ್ಪುಗಳೂ ಎದುರುಬದುರು: ನುಡಿಯಲ್ಲಿ ಕೊಂಡಿ ಕೀಲಿ ತಪ್ಪಿದರೆ ಇಲ್ಲದ ಅಕಾರ ಹುಟ್ಟುತ್ತದೆ, ಬರಹದಲ್ಲಿ ಅಕಾರ ತಪ್ಪಿದರೆ ಇಲ್ಲದ ಒತ್ತಕ್ಷರ ಹುಟ್ಟುತ್ತದೆ. ಪಠ್ಯಸಂಚಯವೊಂದರಲ್ಲಿ ಈ ಎರಡು ಕಾಗುಣಿತಗಳ ಪ್ರಮಾಣವನ್ನು ಎಣಿಸಿ ಸ್ವರಲೋಪದ ಬಗ್ಗೆ ತೀರ್ಮಾನ ಹೇಳುವ ಸಂಶೋಧಕ, ತಾನು ಅಳೆದದ್ದು ಬಾಯಿಯನ್ನೋ ಕೀಲಿಮಣೆಯನ್ನೋ ಎಂದು ಹೇಳಲಾರ.

'ಮ್ಯಾಲ', 'ಬ್ಯಾಡ', 'ಪ್ಯಾಟಿ' ಇವುಗಳ ವಿಷಯದಲ್ಲಿ ಎರಡೂ ವಿನ್ಯಾಸಗಳು ಸಮಾನವಾಗಿ ಸೋಲುತ್ತವೆ, ಅದಕ್ಕೆ ಅವನ್ನು ದೂರುವಂತೆಯೂ ಇಲ್ಲ. ಆ ಪದಗಳಲ್ಲಿ ನಾವು ಉಚ್ಚರಿಸುವುದು ವಿವೃತವಾದ ಒಂದು ದೀರ್ಘ ಅಗ್ರಸ್ವರ. ಅದಕ್ಕೆ ಕನ್ನಡದಲ್ಲಿ ಚಿಹ್ನೆಯಿಲ್ಲದುದರಿಂದ ಯಕಾರದ ಒತ್ತು ಮತ್ತು ಆಕಾರವನ್ನು ಸೇರಿಸಿ ಸೂಚಿಸುವ ರೂಢಿ ಬಂದಿದೆ. ಲಿಪಿಯ ಈ ತೇಪೆಯನ್ನು 'ಬರಹ' ಯಕಾರವೆಂಬ ಧ್ವನಿಮಾ ಎಂದೇ ಒತ್ತಿಸಿಕೊಳ್ಳುತ್ತದೆ. ಧ್ವನಿಗೆ ಹತ್ತಿರವೆಂದು ನಾನು ಮೇಲೆ ಹೊಗಳಿದ ಪದ್ಧತಿ ಇಲ್ಲಿ ಲಿಪಿಯ ನೆರಳೇ ಆಗುತ್ತದೆ.

ಇನ್ನು ಮೊಬೈಲಿನ ಮಾತು. ಈಗ ಸವಡಿಯಲ್ಲಾಗಲಿ ಗಜೇಂದ್ರಗಡದಲ್ಲಾಗಲಿ ಕನ್ನಡ ಬರೆಯುವ ಹೆಚ್ಚಿನವರು ನುಡಿಯನ್ನೂ ಬರಹವನ್ನೂ ಕಂಡವರಲ್ಲ. ಅವರಿಗೆ ಕನ್ನಡ ಬೆರಳಚ್ಚು ಎಂದರೆ ರೋಮನ್ ಅಕ್ಷರಗಳನ್ನು ಒತ್ತುವುದು, ಮೇಲಿನ ಪಟ್ಟಿಯಲ್ಲಿ ಬರುವ ಪದಗಳಲ್ಲಿ ಒಂದನ್ನು ಮುಟ್ಟುವುದು. ಅದೂ ಬೇಡವಾದರೆ ಮಾತಾಡಿಬಿಡುವುದು. ಈ ಆಪ್‌ಗಳ ಜಾಣತನ ದೊಡ್ಡದು. ಶಿಫ್ಟಿನ ಗೋಜಿಲ್ಲ, ಡ ದಗಳ ಭೇದವನ್ನು ಬಳಕೆದಾರ ನೆನಪಿಡಬೇಕಿಲ್ಲ, ಹ್ರಸ್ವದೀರ್ಘಗಳ ಚಿಂತೆಯಿಲ್ಲ. ಬಳಕೆದಾರನು ಕೊಡದ ಮಾಹಿತಿಯನ್ನು ಪದಕೋಶದ ಬಲದಿಂದ ತುಂಬಿಕೊಳ್ಳುವುದು ಇಲ್ಲಿನ ತಂತ್ರ. ಆದ್ದರಿಂದ ಪ್ರಶ್ನೆ ಒಂದೇ: ಆ ಪದಕೋಶ ಯಾರ ಕನ್ನಡದ್ದು?

ನಮ್ಮ ಹಿರಿಯರೊಬ್ಬರು ಒಮ್ಮೆ ನನ್ನೆದುರಿಗೇ ಫೋನನ್ನು ಬಾಯ ಹತ್ತಿರ ಹಿಡಿದು ಮಗಳಿಗೆ "ನಾಳಿ ಊರಿಗಿ ಬರಾಕತ್ತೀನಿ" ಎಂದರು. ಪರದೆಯ ಮೇಲೆ ಮೂಡಿದ ಕೊನೆಯ ಪದ ಬೇರೆಯೇ ಆಗಿತ್ತು. "ಕಾಕಾ, ನೀವು ಅಂದಿದ್ದು ಇದಲ್ಲಲ್ರೀ" ಎಂದೆ. "ಇರಲಿ ಬಿಡಪಾ, ಪಾಪ ಅದಕ್ಕ ಅಷ್ಟ ಗೊತ್ತೈತಿ" ಎಂದು ನಕ್ಕು, ಎರಡನೆಯ ಸಲ ಫೋನಿಗೆ ತಿಳಿಯುವಂತೆ "ಬರುತ್ತಿದ್ದೇನೆ" ಎಂದು ಪಠ್ಯಪುಸ್ತಕದ ದನಿಯಲ್ಲಿ ಹೇಳಿದರು. ಸಂದೇಶ ಸರಿಯಾಗಿ ಹೋಯಿತು. ಮಗಳಿಗೆ ತಂದೆ ಯಾವತ್ತೂ ಆಡದ ಮಾತು ಅದು. ಇನ್ನೊಂದೆಡೆ, 'ಐತಿ' ಎಂದು ಒತ್ತುವಷ್ಟರಲ್ಲಿ 'ಐತಿಹಾಸಿಕ' ಎಂಬ ಸಲಹೆ ತಲೆಯೆತ್ತುವುದನ್ನು ನಾನು ಕಂಡಿದ್ದೇನೆ. ನಮ್ಮ ಭಾಗದಲ್ಲಿ ದಿನಕ್ಕೆ ನೂರು ಸಲ ಬಳಕೆಯಾಗುವ ಕ್ರಿಯಾಪದ ಪದಕೋಶದ ಕಣ್ಣಿಗೆ ಒಂದು ತತ್ಸಮ ಗುಣವಾಚಕದ ಅರ್ಧಭಾಗ.

ಇದರಿಂದ ಹುಟ್ಟುವ ವಿಚಿತ್ರ ಸ್ಥಿತಿಯನ್ನು ನಮ್ಮ ದತ್ತಾಂಶಗಳ ವಿಮರ್ಶೆಯಲ್ಲಿ ಯಾರೂ ಸಾಕಷ್ಟು ಗಮನಿಸಿಲ್ಲವೆಂದು ನನ್ನ ಭಾವನೆ. ಅನೇಕರು, ವಿಶೇಷವಾಗಿ ಕಿರಿಯರು, ಕನ್ನಡಕ್ಕೆ ಪರಿವರ್ತಿಸದೆ ರೋಮನ್ ಲಿಪಿಯಲ್ಲಿಯೇ ಸಂದೇಶ ಬರೆದುಬಿಡುತ್ತಾರೆ. ಆ ಬರಹದಲ್ಲಿ ಹಳ್ಳಿಗೂ ಹಲ್ಲಿಗೂ ಭೇದವಿಲ್ಲ, ಬಳಿಗೂ ಬಲಿಗೂ ಭೇದವಿಲ್ಲ, ಕೊಡುವುದಕ್ಕೂ ಕೋಡಿಗೂ ಭೇದವಿಲ್ಲ. ಆದರೆ ಮಾಡಾಕತ್ತೀನಿ, ಹ್ವಾದ, ಬಂದ್ರ, ಐತಿ ಎಲ್ಲವೂ ಆಡಿದಂತೆಯೇ ನಿಲ್ಲುತ್ತವೆ. ಅವನ್ನು ತಿದ್ದಲು ಅಲ್ಲಿ ಯಾವ ಪದಕೋಶವೂ ಇಲ್ಲ. ಕನ್ನಡ ಲಿಪಿಗೆ ಪರಿವರ್ತಿತವಾದ ಬರಹದಲ್ಲಿ ಮೂರ್ಧನ್ಯ ದಂತ್ಯಗಳ, ಹ್ರಸ್ವದೀರ್ಘಗಳ ಭೇದಗಳು ಅಚ್ಚುಕಟ್ಟಾಗಿ ಉಳಿಯುತ್ತವೆ, ಆದರೆ ಪ್ರತ್ಯಯಗಳು ಶಿಷ್ಟರೂಪದ ಕಡೆಗೆ ಸರಿಯುತ್ತವೆ. ಒಂದರಲ್ಲಿ ಆಕೃತಿಮಾ ಉಳಿದು ಧ್ವನಿಮಾ ಹೋಗುತ್ತದೆ; ಇನ್ನೊಂದರಲ್ಲಿ ಧ್ವನಿಮಾ ಉಳಿದು ಆಕೃತಿಮಾ ಹೋಗುತ್ತದೆ. ಎರಡನ್ನೂ ಒಂದೇ ಸಂಚಯದಲ್ಲಿ ಬೆರೆಸಿ 'ಸಾಮಾಜಿಕ ಮಾಧ್ಯಮದ ಉತ್ತರ ಕರ್ನಾಟಕ ಕನ್ನಡ' ಎಂದು ಹೆಸರಿಟ್ಟರೆ, ಹಾಗೆ ವರ್ಣಿತವಾದ ಭಾಷೆಯನ್ನು ಆಡುವವರು ಎಲ್ಲಿಯೂ ಸಿಗಲಾರರು.

ಒಂದು ಆಕ್ಷೇಪವನ್ನು ಮೊದಲೇ ಎದುರಿಸಬೇಕು. ಬರವಣಿಗೆ ಎಂದಾದರೂ ನಿರ್ಮಲವಾಗಿತ್ತೇ? ಮೊಳೆ ಜೋಡಿಸುವವನ ಪೆಟ್ಟಿಗೆಯಲ್ಲಿ ಇಲ್ಲದ ಒತ್ತಕ್ಷರ ಪುಸ್ತಕದಲ್ಲಿಯೂ ಇರುತ್ತಿರಲಿಲ್ಲ. ಅನಂತ ಸುಬ್ಬರಾಯರ ವಿನ್ಯಾಸದ ಕನ್ನಡ ಬೆರಳಚ್ಚು ಯಂತ್ರಕ್ಕೂ ತನ್ನದೇ ಇಕ್ಕಟ್ಟುಗಳಿದ್ದವು. ನಿಜ. ಆದರೆ ಆ ಇಕ್ಕಟ್ಟುಗಳು ಕಣ್ಣಿಗೆ ಕಾಣುವಂಥವು, ಎಲ್ಲರಿಗೂ ಒಂದೇ ತೆರನಾದವು. ಇಂದಿನ ಸಂಕೇತೀಕರಣದ ಮಟ್ಟದಲ್ಲಿಯೂ ಬಹುಮಟ್ಟಿಗೆ ಹಾಗೆಯೇ ಇದೆ. ಹಳಗನ್ನಡದ ೞಕಾರಕ್ಕೆ, ಅಂದರೆ ರಳಕ್ಕೆ, ಯೂನಿಕೋಡಿನಲ್ಲಿ ತಪ್ಪಾಗಿ 'ಫ' ವರ್ಣವನ್ನು ಸೂಚಿಸುವ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ, ಆದರೆ ಪಕ್ಕದಲ್ಲಿಯೇ ತಪ್ಪೊಪ್ಪಿಗೆಯ ಟಿಪ್ಪಣಿಯೂ ಇದೆ. ರೋಣ ಸೀಮೆಯ ಶಾಸನಗಳನ್ನು ಗಣಕಕ್ಕೆ ಇಳಿಸುವವರಿಗೆ ಇದರಿಂದ ನಗು ಬರಬಹುದು, ನಷ್ಟವಿಲ್ಲ. 2022ರ 15ನೆಯ ಆವೃತ್ತಿಯಲ್ಲಿ ಕೊಂಕಣಿ, ಹವ್ಯಕ ಕನ್ನಡ ಮೊದಲಾದವುಗಳ ಅಗತ್ಯಕ್ಕಾಗಿ ಮೇಲುಬಲದ ಅನುಸ್ವಾರಚಿಹ್ನೆಯೊಂದನ್ನು ಸೇರಿಸಲಾಯಿತು. ಉಪಭಾಷೆಯೊಂದರ ಬೇಡಿಕೆ ಬಹಿರಂಗವಾಗಿ ಮಂಡಿತವಾಗಿ, ಪರಿಶೀಲಿತವಾಗಿ, ಸ್ವೀಕೃತವಾದ ಸಂದರ್ಭವಿದು. ಸಲಹೆಯ ಪಟ್ಟಿ ಮಾಡುವ ತಿದ್ದುಪಡಿಗೆ ಇಂಥ ಯಾವ ದಾಖಲೆಯೂ ಇಲ್ಲ. ಬರೆದವನಿಗೇ ತಾನು ಏನನ್ನು ಬಿಟ್ಟುಕೊಟ್ಟೆನೆಂಬುದು ಮರುದಿನ ನೆನಪಿರುವುದಿಲ್ಲ.

ಸಂಕೇತೀಕರಣವೂ ಪೂರ್ತಿ ನಿರಪಾಯವಲ್ಲ. ಅರ್ಕಾವತ್ತಿನ ಪ್ರಕರಣವನ್ನು ಸಂಚಯದ ಕೆಲಸ ಮಾಡುವ ವಿದ್ಯಾರ್ಥಿಗಳು ಬಲ್ಲರು. 'ಬರ್ತೀನಿ' ಎಂದು ಅರ್ಕಾವತ್ತಿನಿಂದ ಬರೆದರೂ 'ಬರ‍್ತೀನಿ' ಎಂದು ತಕಾರದ ಒತ್ತಿನಿಂದ ಬರೆದರೂ ಓದುವವನಿಗೆ ಒಂದೇ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಕೂಡುಚಿಹ್ನೆಯೊಂದು ರಕಾರದ ಬೆನ್ನಿಗೆ ಕೂತಿರುವುದರಿಂದ ಹುಡುಕುವ ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು. 'ರ‍್ಯಾಂಕ್' ಮುಂತಾದ ಎರವಲು ಪದಗಳಿಗಾಗಿ ಬೇಕಾದ ಈ ಅನುಕೂಲವನ್ನು ಅರ್ಕಾವತ್ತನ್ನು ಒಲ್ಲದ ಬರಹಗಾರರು ಎಲ್ಲೆಡೆ ಬಳಸುತ್ತಾರೆ. ಯೂನಿಕೋಡಿಗೆ ಮುಂಚಿನ ನುಡಿ, ಬರಹ ಕಡತಗಳಲ್ಲಿ ಅಕ್ಷರಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ತುಂಡುತುಂಡಾಗಿ ಇಡುತ್ತಿದ್ದುದರಿಂದ 'ಧರ್ಮ'ದ ರಕಾರ ಮಕಾರದ ನಂತರ ಕೂತಿರುತ್ತದೆ. ಪರಿವರ್ತಕವು ಅದನ್ನು ಹಿಂದಕ್ಕೆ ತಂದು ಕೂರಿಸಬೇಕು. ಸ್ವರಲೋಪದಿಂದ ರಕಾರದ ಸಂಯುಕ್ತಗಳು ಹೆಚ್ಚಾಗುವ ನಮ್ಮ ಭಾಗದ ಮಾತಿನಲ್ಲಿ ಈ ತೊಡಕುಗಳೂ ಹೆಚ್ಚು: ಬರ್ತೀನಿ, ಇರ್ಲಿ, ಕುಂದರ್ರಿ, ಯಾರ‍್ಯಾರು. ಆದರೆ ಇವೆಲ್ಲವೂ ಸಮೀಕರಿಸಬಹುದಾದ ಭೇದಗಳು. ಕೆಲವು ಸಾಲುಗಳ ಪೂರ್ವಸಂಸ್ಕರಣದಿಂದ ಸರಿಹೋಗುತ್ತವೆ. 'ಬರಾಕತ್ತೀನಿ' 'ಬರುತ್ತಿದ್ದೇನೆ' ಆದದ್ದನ್ನು ಹಿಂದಕ್ಕೆ ತರುವ ಪರಿವರ್ತಕವಿಲ್ಲ.

ಹಾಗೆಂದು ಊಹಿಸುವ ಕೀಲಿಮಣೆಗಳನ್ನು ತೊರೆದು ಎಲ್ಲರೂ ಎಫ್ ಕೀಲಿಗೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ಅಂಗೈಯಗಲದ ಪರದೆಯಲ್ಲಿ ಶಿಫ್ಟನ್ನು ಮತ್ತೆ ಮತ್ತೆ ಮುಟ್ಟುವ ವಿನ್ಯಾಸ ಹತ್ತು ಬೆರಳುಗಳಿಗೆ ಕಟ್ಟಿದ್ದು. ಒಂದೇ ಹೆಬ್ಬೆರಳಿನಲ್ಲಿ ಅದರ ಚೆಲುವು ಉಳಿಯದು. ಕೆ. ಪಿ. ರಾವ್ ವಿನ್ಯಾಸದ ಹೆಚ್ಚುಗಾರಿಕೆ ವೇಗದಲ್ಲಿ ಇಲ್ಲ; ಒತ್ತಿದ್ದೇ ಬರುತ್ತದೆ ಎಂಬ ಪ್ರಾಮಾಣಿಕತೆಯಲ್ಲಿದೆ. ಅದರ ಒಲವು ಗ್ರಾಂಥಿಕದ ಕಡೆಗಿದೆಯೆಂದು ಮೇಲಿನ ಲೆಕ್ಕ ತೋರಿಸಿತು, ಆದರೆ ಆ ಒಲವನ್ನು ಸೂತ್ರದಲ್ಲಿ ಹೇಳಬಹುದು, ಆದ್ದರಿಂದ ಕಳೆಯಲೂಬಹುದು. 'ಬರಹ'ದ ಒಲವಿಗೂ ಇದು ಸಲ್ಲುತ್ತದೆ. ಪದಕೋಶದ ಒಲವಿಗೆ ಸೂತ್ರವಿಲ್ಲ. ಅದು ಬಳಕೆದಾರನಿಂದ ಬಳಕೆದಾರನಿಗೆ, ಈ ತಿಂಗಳಿನಿಂದ ಮುಂದಿನ ತಿಂಗಳಿಗೆ ಬದಲಾಗುತ್ತದೆ.

ಆದ್ದರಿಂದ ಆಡುಮಾತಿನ ಬರಹವನ್ನು ಸಂಗ್ರಹಿಸುವ ಪ್ರಬಂಧಗಳಲ್ಲಿ ವಕ್ತೃವಿನ ಊರು, ವಯಸ್ಸು, ಶಿಕ್ಷಣಗಳ ಜೊತೆಗೆ ಬರೆದ ವಿಧಾನವನ್ನೂ ದಾಖಲಿಸುವುದು ಅಗತ್ಯ: ಯಾವ ವಿನ್ಯಾಸ, ಸಲಹೆಯ ಪಟ್ಟಿ ತೆರೆದಿತ್ತೇ, ಧ್ವನಿಯಿಂದ ಬಂದದ್ದೇ, ರೋಮನ್‌ನಲ್ಲಿ ಬಿಟ್ಟದ್ದೇ. ಈ ಮಾಹಿತಿಯಿಲ್ಲದ ಸಂಚಯವನ್ನು ಪದಸಂಪತ್ತಿನ ಅಧ್ಯಯನಕ್ಕೆ ಬಳಸಬಹುದು. ಸ್ವರಲೋಪ, ಸಂಧಿ, ಕ್ರಿಯಾಪ್ರತ್ಯಯಗಳ ವ್ಯತ್ಯಾಸಕ್ಕೆ ಸಾಕ್ಷಿಯಾಗಿ ಒಪ್ಪಲು ನನ್ನಿಂದ ಸಾಧ್ಯವಿಲ್ಲ. ಮಾಡಬಹುದಾದ ಸಣ್ಣ ಪ್ರಯೋಗವೊಂದಿದೆ. ಸವಡಿ, ನರಗುಂದ, ಗಜೇಂದ್ರಗಡಗಳ ಅದೇ ವಕ್ತೃಗಳಿಂದ ಅದೇ ಹತ್ತು ವಾಕ್ಯಗಳನ್ನು ಮೊದಲು ಆಡಿಸಿ ಧ್ವನಿಮುದ್ರಿಸಿಕೊಂಡು, ಅನಂತರ ಕೈಬರಹದಲ್ಲಿ, ನುಡಿಯಲ್ಲಿ, ಬರಹದಲ್ಲಿ, ಫೋನಿನಲ್ಲಿ ಬೇರೆ ಬೇರೆ ದಿನಗಳಂದು ಬರೆಸಿ, 'ಮಾಡ್ತೀನ್ರಿ', 'ಮಾಡತೀನ್ರಿ', 'ಮಾಡುತ್ತೇನೆ' ಎಂಬ ಮೂರು ಕಾಗುಣಿತಗಳು ಯಾವ ದಿನ ಎಷ್ಟು ಬಂದವೆಂದು ಧ್ವನಿಮುದ್ರಣದ ಪಕ್ಕದಲ್ಲಿಟ್ಟು ನೋಡುವುದು.